ಪುಸೂ ನಕಾ

ಹಗಲಿನ ಮರಾಠಿ ಮಾಸ್ತರು ಹಲಗೆಯ ಮುಕ್ಕಾಲು ಪಾಲು
ಭಾಗಾಕಾರ ತುಂಬಿಸಿ, ಮೂಲೆಯಲ್ಲಿ ಬರೆದು ಹೋಗುತ್ತಿದ್ದರು:
ಪುಸೂ ನಕಾ.
ಒರೆಸಬಾರದು.
ಹಾಗಾಗಿ ಫೋರ್ಟಿನ ನಮ್ಮ ಕನ್ನಡ ರಾತ್ರಿಶಾಲೆಗೆ
ಪರಮಾಣು ಬಂದದ್ದು
ಉಳಿದ ಒಂದು ಗೇಣು ಕಪ್ಪಿನಲ್ಲಿ.

ಕಾಂಚನ್ ಮಾಸ್ಟ್ರು ಹಗಲು ಬಂದರು ಆಫೀಸಿನ ಗುಮಾಸ್ತ,
ಎಂಟೂವರೆಗೆ ನಮ್ಮೆದುರು ವಿಜ್ಞಾನ.
ಬೆಂಚಿನ ತುಂಬ ಹೋಟೆಲ್ ಮಾಣಿಗಳು, ಬೆರಳ ಸಂದಿಯಲ್ಲಿ
ಸೋಡಾಪುಡಿ ತಿಂದ ಬಿಳಿ ಹುಣ್ಣು, ಕಣ್ಣಲ್ಲಿ ಅರ್ಧ ನಿದ್ದೆ.
"ನಡುವೆ ಬೀಜ. ಅದರೊಳಗೆ ಪ್ರೋಟಾನು, ನ್ಯೂಟ್ರಾನು.
ಒಂದಕ್ಕೆ ಧನ, ಇನ್ನೊಂದಕ್ಕೆ ಏನೂ ಇಲ್ಲ,
ಭಾರ ಹೊರುವುದರಲ್ಲಿ ಮಾತ್ರ ಇಬ್ಬರೂ ಸಮ.
ಹೊರಗೆ ಎಲೆಕ್ಟ್ರಾನು. ಅದರ ತೂಕ ಕೇಳಬೇಡಿ,
ಸಾವಿರದೆಂಟುನೂರು ಸೇರಿದರೂ ಒಂದು ಪ್ರೋಟಾನಿಗೆ ಸಾಲದು."

ಯಾರೂ ತಲೆಯೆತ್ತಲಿಲ್ಲ.
ಮಾಸ್ಟ್ರು ಸೀಮೆಸುಣ್ಣ ಕೆಳಗಿಟ್ಟು ಇಡ್ಲಿಯ ಮಾತೆತ್ತಿದರು.
"ಹೈಡ್ರೋಜನ್ನಿನ ಬೀಜ ಒಂದು ಇಡ್ಲಿಯಷ್ಟು ಅಂತಿಟ್ಟುಕೊಳ್ಳಿ.
ಅದನ್ನು ಫ್ಲೋರಾ ಫೌಂಟನಿನ ಕಟ್ಟೆಯ ಮೇಲಿಟ್ಟರೆ
ಎಲೆಕ್ಟ್ರಾನು ಸಸೂನ್ ಡಾಕಿನ ಮೀನುಬುಟ್ಟಿಗಳ ಹತ್ತಿರ ಇರಬಹುದು,
ಮಸೀದಿ ಬಂದರಿನಲ್ಲಿರಬಹುದು,
ಮೆರೀನ್ ಡ್ರೈವಿನಾಚೆ ನೀರಿನಲ್ಲೂ.
ಇಂಥಲ್ಲೇ ಎಂದು ಬೆರಳಿಡಲಾಗದು. ಇರಬಹುದು, ಅಷ್ಟೆ.
ನಡುವಿನದೆಲ್ಲ ಖಾಲಿ."

ಹಿಂದಿನ ಬೆಂಚಿನಿಂದ ದಿನೇಶ:
"ಇಷ್ಟು ಖಾಲಿ ಜಾಗಕ್ಕೆ ಪಗಡಿ ಹಣ ಎಷ್ಟು ಮಾಸ್ಟ್ರೆ?"
ಒಂದೇ ಖೋಲಿಯಲ್ಲಿ ಹದಿಮೂರು ಮಂದಿ
ಪಾಳಿಯ ಮೇಲೆ ಮಲಗುವ ನಾವು ನಕ್ಕ ನಗೆಗೆ
ಚೌಕಿದಾರ ಮೆಟ್ಟಿಲು ಹತ್ತಿ ಬಂದ.

ನಗು ಇಳಿದ ಮೇಲೆ ಮತ್ತೆ ಅವನೇ:
"ಹಾಗಾದರೆ ಮುಟ್ಟುವುದು ಅಂದರೆ?"
ಮಾಸ್ಟ್ರು ಮೇಜಿನ ಮೇಲೆ ಅಂಗೈ ಊರಿದರು.
"ಕೈಯ ಎಲೆಕ್ಟ್ರಾನು, ಮರದ ಎಲೆಕ್ಟ್ರಾನು. ಎರಡೂ ಋಣ.
ನೀನು ಸರಿ ಅನ್ನುತ್ತದೆ ಅದು, ನೀನೇ ಸರಿ ಅನ್ನುತ್ತದೆ ಇದು.
ಆ ತಳ್ಳಾಟಕ್ಕೇ ನಾವು ಮುಟ್ಟಿದೆವು ಅನ್ನುವುದು.
ಬೀಜಕ್ಕೆ ಬೀಜ ತಾಗುವುದೇ ಇಲ್ಲ."
"ಯಾರೂ ಯಾರನ್ನೂ?"
"ಯಾರೂ ಯಾರನ್ನೂ."
"ನಮ್ಮೂರಲ್ಲಿ ಇದನ್ನು ಯಾರೂ ಹೇಳಲಿಲ್ಲ."
ಮಾಸ್ಟ್ರು ಕನ್ನಡಕ ತೆಗೆದು ಒರೆಸಿದರು, ಬಹಳ ಹೊತ್ತು.
ಇದು ಪರೀಕ್ಷೆಗೆ ಬರುವುದಿಲ್ಲ, ಅಂದರು.

ಆ ಶನಿವಾರ ರಾತ್ರಿ ಉಳಿದ ಇಡ್ಲಿಯೊಂದನ್ನು
ಪೇಪರಿನಲ್ಲಿ ಸುತ್ತಿ ತಂದ. ಕಟ್ಟೆಯ ಮೇಲಿಟ್ಟು
"ನೀನು ಕಾಯಿ, ನಾನು ಎಲೆಕ್ಟ್ರಾನು" ಎಂದು
ಕೊಲಾಬಾ ಕಡೆ ನಡೆದೇಬಿಟ್ಟ.
ನಾನು ಬೀಜದ ಪಕ್ಕ ಕೂತೆ. ಕೊನೆಯ ಬಸ್ಸು ಹೋಯಿತು.
ಒಂದು ನಾಯಿ ಬಂದು ಪ್ರೋಟಾನನ್ನು ತಿಂದಿತು.
ಒಂದು ಗಂಟೆಗೆ ಬಂದ, ಚಪ್ಪಲಿ ತುಂಬ ಮೀನಿನ ನೀರು.
"ಖಾಲಿ ಏನಿಲ್ಲ ಮಾರಾಯ, ದಾರಿಯುದ್ದ ಜನ ಮಲಗಿದ್ದಾರೆ."
ನಾಯಿ ನೋಡಿ ನಕ್ಕ. ಆಮೇಲೆ, ನಾನು ಕೇಳದೆಯೇ,
ತನ್ನ ನಿಜವಾದ ಹೆಸರು ಹೇಳಿದ.
ತನಿಯ.

ಮುಂದಿನ ವಾರದ ಪಾಠ: ಪ್ರೋಟಾನಿನ ಲೆಕ್ಕವೇ ಹೆಸರು.
ಎಪ್ಪತ್ತೊಂಬತ್ತಿದ್ದರೆ ಬಂಗಾರ. ಒಂದು ಹೆಚ್ಚಿದರೆ ಪಾದರಸ,
ಕೈಯಲ್ಲಿ ನಿಲ್ಲದು.
ಎಲೆಕ್ಟ್ರಾನು ಕಳಕೊಂಡವನಿಗೆ ಹೆಸರು ಹೋಗುವುದಿಲ್ಲ.

ಗಲ್ಲೆಯ ಮೇಲಿನ ಮಾಮನಿಗೆ ಆ ಹೆಸರು ಹೇಳಿದವನು ನಾನು.
ಯಾಕೆ ಎಂದು ಐವತ್ತು ವರ್ಷ ಹುಡುಕಿದ್ದೇನೆ.
ಮಾಮ ಬೈಯಲಿಲ್ಲ, ಹೊಡೆಯಲಿಲ್ಲ, ಲೆಕ್ಕ ಚುಕ್ತಾ ಮಾಡಿದ.
ಅವನು ತೊಳೆದಿಟ್ಟ ಕಪ್ಪುಗಳನ್ನು ಮರುದಿನ ಮತ್ತೆ ತೊಳೆಸಿದ.
ತೊಳೆದದ್ದೂ ನಾನೇ.

ಈಗಲೂ ವಿರಾರ್ ಲೋಕಲ್ಲಿನಲ್ಲಿ ಎದೆಗೆ ಯಾರದೋ ಮೊಣಕೈ,
ಬೆನ್ನಿಗೆ ಯಾರದೋ ಟಿಫಿನ್ನು ಒತ್ತಿದಾಗ
ಉಸಿರು ಹಿಡಿದು ಲೆಕ್ಕ ಹಾಕುತ್ತೇನೆ:
ಸಸೂನ್ ಡಾಕಿನಲ್ಲಿರಬಹುದು. ಮಸೀದಿ ಬಂದರಿನಲ್ಲಿರಬಹುದು.
ನೀರಿನಾಚೆ ಯಾವುದೋ ಮರಳಿನ ದೇಶದಲ್ಲೂ.

ಆ ಒಂದು ಗೇಣಿನಲ್ಲಿ ಮಾಸ್ಟ್ರು ಬರೆದ ಚಿತ್ರವನ್ನು
ಬೆಳಗ್ಗೆ ಬಂದ ಮಕ್ಕಳು ಒರೆಸಿಬಿಡುತ್ತಿದ್ದರು.
ತಪ್ಪು ಅವರದಲ್ಲ.
ನಾವು ಯಾವತ್ತೂ ಮೂಲೆಯಲ್ಲಿ ಬರೆದಿಡಲಿಲ್ಲ.