ಇತರೆ: ನಮೂದಿಸಿ

ಈ ಭಾಗ ಕೇಳುವಾಗ ಪಕ್ಕದಲ್ಲಿ
ಯಾರೂ ಇರಕೂಡದೆಂದು ತರಬೇತಿಯಲ್ಲಿ ಹೇಳಿದ್ದರು.
ಬೊಮ್ಮನಕಟ್ಟೆಯ ಆಶ್ರಯ ಮನೆಗೆ ಇರುವುದೊಂದೇ ಕೋಣೆ,
ಕೋಣೆಗೊಂದು ಬಾಗಿಲು,
ಬಾಗಿಲಿಗೆ ಒಬ್ಬಳು ಅತ್ತೆ.

'ಅಜ್ಜಿ, ಒಂದ್ ಲೋಟ ನೀರು' ಅಂದೆ.
ನೀರು ಬಂತು.
'ಒಂಚೂರು ಬೆಲ್ಲ?' ಅಂದೆ, ನಾಚಿಕೆ ಬಿಟ್ಟು.
ಬೆಲ್ಲ ಮುಗಿದಿತ್ತು. ಅಂಗಡಿ ತಿರುವಿನಾಚೆ.

ಹೀಗೆ ಗಿಟ್ಟಿಸಿದ ಹೊತ್ತಿನಲ್ಲಿ ಓದಿದೆ,
ಟ್ಯಾಬಿನಲ್ಲಿ ಇದ್ದಂತೆ, ಒಂದಕ್ಷರ ಬಿಡದೆ:
'ಕಳೆದ ಹನ್ನೆರಡು ತಿಂಗಳಲ್ಲಿ ತಮಗೆ
ಜನನಾಂಗದಿಂದ ಅಸಹಜ ಸ್ರಾವ, ಹುಣ್ಣು ಅಥವಾ ಗುಳ್ಳೆ...'

ಹಾಲಮ್ಮ ನನ್ನ ಮುಖ ನೋಡಿದಳು
ಬೇರೆ ಊರಿನ ಬಸ್ಸಿನ ಬೋರ್ಡು ಓದುವವರ ಹಾಗೆ.
'ಬಿಳಿ ಸೆರಗಾ?' ಅಂದಳು ಆಮೇಲೆ.
'ಹಂಗನ್ನಬಾರದಾ ಮತ್ತೆ!'

ಸೆರಗು.
ಎಂಥ ಮಾನವಂತ ಮಾತು ಹುಡುಕಿಟ್ಟರು ಹಿಂದಿನವರು
ತುರಿಕೆಗೆ, ಉರಿಗೆ, ಯಾರಿಗೂ ಕಾಣದಂತೆ
ಲಂಗದಡಿ ಒಣಗಿಸಿದ ಬಟ್ಟೆಗೆ.
ಹೊದ್ದು ಕೂತರೆ ಮುಗಿಯಿತು.

ಚಿಕಿತ್ಸೆಗೆ ಎಲ್ಲಿಗೆ ಹೋದಿರಿ?
ಸರ್ಕಾರಿ ಆಸ್ಪತ್ರೆ, ಖಾಸಗಿ, ಔಷಧಿ ಅಂಗಡಿ, ನಾಟಿ ವೈದ್ಯ:
ಉತ್ತರ ಓದಿ ಹೇಳಕೂಡದು ನಾನು.
ಅವಳೇ ಹೇಳಬೇಕು.

'ಮೊದಲು ಉಷ್ಣ ಅಂದ್ಕಂಡೆ,
ಗಾರ್ಮೆಂಟ್ಸಲ್ಲಿ ದಿನವಿಡೀ ಕೂತು ಕೂತು.
ಅಕ್ಕಿ ತೊಳೆದ ನೀರು ಕುಡಿದೆ. ಮೆಂತ್ಯ ನೆನೆಹಾಕಿ ಕುಡಿದೆ.
ಒಂದಿನ ಅವರೇ ಮೆಡಿಕಲಿಂದ ಗುಳಿಗೆ ತಂದ್ರು.
ಹತ್ತಿದ್ವು ಶೀಟಲ್ಲಿ. ಏಳು ಅವರು ನುಂಗಿದ್ರು,
ಉಳಿದ ಮೂರು ನಂಗೆ.
ನಿಮಗ್ಯಾಕೆ ಅಂತ ನಾ ಕೇಳ್ಲಿಲ್ಲ.
ನಿಂಗ್ಯಾಕೆ ಅಂತ ಅವರೂ ಹೇಳ್ಲಿಲ್ಲ.'

ಔಷಧಿ ಅಂಗಡಿಯತ್ತ ಬೆರಳು ಇಳಿಯಿತು.
'ನಾನೆಲ್ಲಿ ಹೋದೆ? ಗುಳಿಗೇನೇ ಬಂತಲ್ಲ' ಅಂದಳು.
ಬೆರಳು ನಿಂತಿತು.

'ಹೋಗಿದ್ದು ಹೊನ್ನಾಳಿಗೆ.
ಇಲ್ಲಿ ದೊಡ್ಡಾಸ್ಪತ್ರೇಲಿ ಚೀಟಿ ಬರಿಯೋನು ನಮ್ಮ ಬೀದಿಯವನೇ.
ಫ್ಯಾಕ್ಟರಿ ಹುಡುಗಿ ಮದುವೆ ಅಂದೆ,
ಇದ್ದೊಂದು ರೇಷ್ಮೆ ಸೀರೆ ಉಟ್ಟೆ, ಹೂ ಮುಡಿದೆ.
ಡಾಕ್ಟರಮ್ಮ ಹೆಸರು ಕೇಳಿದ್ರು.
ಪ್ರಫುಲ್ಲ ಅಂದೆ. ನಮ್ಮ ಲೈನ್ ಸೂಪರ್‌ವೈಸರ್ ಹೆಸರು.'
ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.
'ಯಜಮಾನ್ರನ್ನೂ ಕರ್ಕಂಡ್ ಬಾ, ಇಲ್ದಿದ್ರೆ ಮತ್ತೆ ಬರುತ್ತೆ ಅಂದ್ರು.
ಎಲ್ಲಿಂದ ಕರೀಲಿ?
ಪ್ರಫುಲ್ಲಂಗೆ ಮದುವೇನೇ ಆಗಿಲ್ಲ.'

ನಕ್ಕಿದ್ದು ನಿಂತಿತು.
'ಮತ್ತೆ ಬಂತಾ?' ನಾನು ಕೇಳಿದೆ.
ಆ ಪ್ರಶ್ನೆ ಟ್ಯಾಬಿನಲ್ಲಿರಲಿಲ್ಲ.

'ಬಿಪಿಎಲ್ಲೇ ಮೇಡಂ, ಕಾರ್ಡು,' ಅಂದಳು ಜೋರಾಗಿ.
ಚಪ್ಪಲಿ ಸದ್ದು ನನಗಿಂತ ಮೊದಲು ಅವಳಿಗೆ ಕೇಳಿತ್ತು.
'ಗ್ಯಾಸು ಒಂದೇ ಸಿಲಿಂಡರು.'

ಬೆಲ್ಲ ಕೊಟ್ಟ ಅತ್ತೆ ಗೇಟಿನವರೆಗೂ ಬಂದಳು,
ಗೇಟಿನಾಚೆಗೂ ನಾಲ್ಕು ಹೆಜ್ಜೆ.
ಅಂಗಡಿಯಲ್ಲಿ ಬೇಕಂತಲೇ ತಡಮಾಡಿದೆ, ಅಂದಳು.
ಆಮೇಲೆ, ಮೋರಿಯ ಕಡೆ ನೋಡುತ್ತ:
'ನಿಮ್ಮ ಆ ಹೆಂಗಸರ ಪ್ರಶ್ನೆ,
ವಯಸ್ಸಾದೋರಿಗಿಲ್ವಾ?'

ಹದಿನೈದರಿಂದ ನಲವತ್ತೊಂಬತ್ತು, ಅಂದೆ.

'ಓ' ಅಂದಳು.
'ನಂದು ಇವನು ಹೊಟ್ಟೇಲಿದ್ದಾಗ ಶುರುವಾಗಿದ್ದು.'

ಮಧ್ಯಾಹ್ನ ವಾಟರ್ ಟ್ಯಾಂಕಿನ ನೆರಳಲ್ಲಿ ಕೂತು
ಹಾಲಮ್ಮನ ಫಾರಂ ಮುಗಿಸಲು ನೋಡಿದೆ.
ಖಾಸಗಿ ಎಂದೊತ್ತಿದರೆ ಸರಿ, ಮುಂದೆ ಹೋಗುತ್ತದೆ,
ಹೋಗಿ ಒಂದು ಕಂಬದಲ್ಲಿ ಒಂದು ಚುಕ್ಕೆ ಎತ್ತರ ಆಗುತ್ತದೆ.
ದೂರ ಎಷ್ಟು, ಯಾರ ಹೆಸರಲ್ಲಿ, ಯಾವ ಸೀರೆಯಲ್ಲಿ,
ಇದಕ್ಕೆಲ್ಲ ಕೊನೆಗೊಂದು ಸಾಲಿದೆ:
ಇತರೆ, ನಮೂದಿಸಿ.
ಮೂವತ್ತು ಅಕ್ಷರ ಹಿಡಿಯುತ್ತದೆ.

ಬರೆಯಲು ಹೋದೆ.
ಬೆರಳಿಗೆ ಬೆಲ್ಲ ಮೆತ್ತಿತ್ತು.
ಎಲ್ಲಿ ಒತ್ತಿದರೂ
ಗಾಜು ನನ್ನನ್ನು ಗುರುತಿಸಲಿಲ್ಲ.