ಒಂದು ನಿಮಿಷ ಮೊದಲು

ಕಾಟನ್‌ಪೇಟೆಯ ಲ್ಯಾಬಿನಲ್ಲಿ ಬೆಳಗ್ಗೆ ಆರೂವರೆ.
ರಾತ್ರಿ ಹೋದ ಕರೆಂಟು ಬಂದಿದೆ,
ಟೋಕನ್ ಕೊಡುವ ಸರ್ವಿಸ್ ಮಾತ್ರ ಏಳಲೊಲ್ಲದು.
ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರು
ಎದುರಿನ ದರ್ಶಿನಿಯ ಇಡ್ಲಿ ಹಬೆ ನೋಡುತ್ತ ಕೂತಿದ್ದಾರೆ.

ತಬಸ್ಸುಮ್ ಲಾಗ್ ತೆರೆದು ಗಟ್ಟಿಯಾಗಿ ಓದಿದಳು:
೫.೫೨. ಎದ್ದೆ. ಡೇಟಾಬೇಸನ್ನು ಕರೆದೆ. ಓಗೊಡಲಿಲ್ಲ.
ಮತ್ತೆ ಕರೆದೆ.
ಮತ್ತೆ.
ನಿಂತುಹೋದೆ.
೫.೫೩. ಡೇಟಾಬೇಸ್ ಸಿದ್ಧ.

‘ಬೇಗ ಎದ್ದಿದ್ದೇ ತಪ್ಪಾಯ್ತಾ?’
ನೆಲ ಒರೆಸುತ್ತಲೇ ಕೇಳಿದರು ಮುನಿಲಕ್ಷ್ಮಮ್ಮ,
ನಾಲ್ಕಕ್ಕೇ ಎದ್ದು, ಮೊದಲ ಬಸ್ಸು ಹಿಡಿದು,
ಷಟರಿನ ಮುಂದೆ ದಿನವೂ ಕಾಯುವವರು.

ತಬಸ್ಸುಮ್ ಒಂದೇ ಸಾಲು ಸೇರಿಸಿದಳು:
ಅದು ಏಳುವವರೆಗೆ ನೀನೂ ಮಲಗಿರು.
ರೀಸ್ಟಾರ್ಟ್ ಒತ್ತಿ,
ಪರದೆ ಕಪ್ಪಾದ ಹೊತ್ತಿನಲ್ಲಿ ಕೇಳಿದಳು:
ಷಟರಿನ ಇನ್ನೊಂದು ಬೀಗದಕೈ
ಯಾರ ಹತ್ತಿರ ಇದೆ?