ಗಾಜಿದೆ

ನಮ್ಮೂರ ಹೆಸರಿಗೆ ದೋಣಿ ಎಂದೇ ಅರ್ಥ. ವೂಚ್.
ತೇಲಲು ನೀರಿಲ್ಲ. ಇದ್ದ ಹೊಳೆಗಳನ್ನೆಲ್ಲ
ಗಿರಣಿಗಳ ಕಾಲಕ್ಕೇ ಕೊಳವೆಯೊಳಗೆ ತುರುಕಿ
ಮೇಲೆ ಟ್ರಾಮು ಓಡಿಸಿದರು.
ಇಂಥ ಊರಲ್ಲಿ ನಾನು ಹುಲ್ಲು ಕೊಯ್ಯುವವಳು:
ಹದಿನೇಳು ಉದ್ಯಾನ, ಎರಡು ಸ್ಮಶಾನ,
ಹಳಿಗಳ ನಡುವಿನ ಉದ್ದ ಪಟ್ಟಿ.
ಕಿತ್ತಳೆ ಅಂಗಿ, ಕಿವಿಗೆ ಮುಚ್ಚಳ,
ಜೇಬಿನಲ್ಲಿ ಕಚೇರಿ ಕೊಟ್ಟ ನಕ್ಷೆ.

ನಕ್ಷೆಯಲ್ಲಿ ಎಲ್ಲ ಹಸಿರೂ ಒಂದೇ ಹಸಿರು.

ನೂಲಿನ ಗಿರಣಿಯ ಹಿಂದೆ, ವಿದ್ಯುತ್ ಪೆಟ್ಟಿಗೆಯ ಬೆನ್ನಿಗೆ
ನಾಲ್ಕು ಹೆಜ್ಜೆ ಅಗಲ, ಸೊಂಟದೆತ್ತರ ತುರಚೆ.
ನಾಯಿ ಹೋಗದು, ಮಕ್ಕಳು ಹೋಗರು,
ಚೆಂಡು ಬಿದ್ದರೆ ಆ ಚೆಂಡು ಇನ್ನು ಅವರದಲ್ಲ.
ಮೊದಲ ವರ್ಷ ನಾನೂ ಬ್ಲೇಡು ಇಳಿಸಿದ್ದೆ.
ಎಲೆಯ ಜೊತೆ ಏನೋ ಕಪ್ಪಗೆ, ಒದ್ದೆಯಾಗಿ
ಬೂಟಿನ ಮೇಲೆ ಸಿಡಿಯಿತು. ಒರೆಸಿಕೊಂಡೆ.
ಊಟದ ಹೊತ್ತಿಗೆ ತೆಓಫಿಲ್ ಹೇಳಿದ,
ಡಬ್ಬಿಯ ಉಪ್ಪುಸೌತೆ ಕಚ್ಚುತ್ತ:
"ನವಿಲುಗಣ್ಣಿನವು ಕಣೇ ಬೊಗುಮಿವಾ,
ಇನ್ನೊಂದು ತಿಂಗಳು ಬಿಟ್ಟಿದ್ದರೆ ಹಾರುತ್ತಿದ್ದವು."
ಬೈಯಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆ.

ಚಿಟ್ಟೆಯೆಂದರೆ ಹೂವು ಎಂದುಕೊಂಡಿದ್ದವಳು ನಾನು.
ಕಚೇರಿಯದೂ ಅದೇ ನಂಬಿಕೆ,
ವಸಂತ ಬಂದರೆ ಸಾಕು, ಕುಂಡಗಳ ಮೆರವಣಿಗೆ.
ಹೂವು ಅವಕ್ಕೆ ನಿಲ್ದಾಣದ ಕಾಫಿ ಗೂಡು, ನಿಂತೇ ಕುಡಿದು ಹೊರಡುವುದು.
ಮನೆ ಇರುವುದು ಮುಟ್ಟಿದರೆ ಉರಿಯುವಲ್ಲಿ.
ಬಿಸಿಲು ತಾಗುವ ಮಗ್ಗುಲಿನ ಎಳೆ ಎಲೆ ಹುಡುಕಿ,
ಅದರಡಿಗೆ ಹಸಿರು ಮಣಿಗಳ ರಾಶಿಯಿಟ್ಟು
ತಾಯಿ ನಡೆದುಬಿಡುತ್ತಾಳೆ.
ಆಮೇಲೆ ಬಲೆ. ಬಲೆಯೊಳಗೆ
ಕರಿಮುಳ್ಳಿನ ಮಕ್ಕಳು ಭುಜಕ್ಕೆ ಭುಜ,
ಉರಿಯನ್ನೇ ಉಂಡು ಬೆಳೆಯುತ್ತವೆ.

ಮರುವರ್ಷ ಮೇ ತಿಂಗಳಲ್ಲಿ ವರದಿಗೆ ಬರೆದೆ:
ಗಾಜಿದೆ. ಬ್ಲೇಡಿಗೆ ಅಪಾಯ. ಬಿಡಲಾಗಿದೆ.
ಗಾಜಿರಲಿಲ್ಲ.
ಸುಳ್ಳು ಒಂಟಿಯಾಗದಿರಲೆಂದು
ಒಂದು ಬಿಯರ್ ಬಾಟಲಿ ಒಡೆದು ಅಂಚಿಗೆ ಹಾಕಿದೆ,
ತೆಓಫಿಲ್‌ನದು, ಅರ್ಧ ತುಂಬಿದ್ದೇ.

ಜೂನಿನಲ್ಲಿ ಮೂರನೇ ಮಹಡಿಯಿಂದ ದೂರು.
ಪಾನ್ ವಿಂಚೆಂತಿ, ಗಿರಣಿಯ ಲೆಕ್ಕ ಬರೆದು ನಿವೃತ್ತ,
ಕೋಲು ಹಿಡಿದಿಳಿದು ಅಳೆದಿದ್ದರು:
ಕಳೆ. ಎತ್ತರ ಒಂದು ಮೀಟರು ಹತ್ತು ಸೆಂಟಿಮೀಟರು.
ಅಳತೆ ಸರಿಯಾಗಿತ್ತು. ಅದಕ್ಕೇ ಸಿಟ್ಟು ಬಂತು.
ಕಚೇರಿಯಿಂದ ಯಾರೋ ಬಂದರು,
ಬಾಟಲಿಯ ಚೂರು ನೋಡಿದರು, ತಲೆಯಾಡಿಸಿ ಹೋದರು.

ಜುಲೈಯಲ್ಲಿ ಎದ್ದವು.
ಗಿರಣಿಯ ಇಟ್ಟಿಗೆಯದೇ ಬಣ್ಣ, ಇಟ್ಟಿಗೆಗೆ ಕಣ್ಣು ಬಂದಂತೆ.
ಟ್ರಾಮು ತಂತಿಯಡಿ, ಬೇಕರಿಯ ಹಲಗೆಯ ಮೇಲೆ,
ಸಿಗ್ನಲಿಗೆ ನಿಂತವನ ಹೆಲ್ಮೆಟ್ಟಿನ ಮೇಲೆ.
ಕುಂಡದ ಹೂವಿಗೆ ಕೂತ ಒಂದನ್ನು
ಕಚೇರಿಯವರು ಫೋಟೋ ಹಿಡಿದು ಕ್ಯಾಲೆಂಡರು ಮಾಡಿದರು.
ತುರಚೆಯ ಫೋಟೋ ಯಾರು ಹಿಡಿಯುತ್ತಾರೆ.

ಚಳಿಗೆ ಸಲಕರಣೆಯ ಕೋಣೆಯ ಮಾಡಿನಲ್ಲಿ,
ಕುಂಟೆಗಳ ಮೇಲೆ, ಆರು.
ರೆಕ್ಕೆ ಮಡಿಸಿದರೆ ಸುಟ್ಟ ಕಾಗದ, ಅಷ್ಟೇ.
ಟಾರ್ಚು ಬಿಟ್ಟೆ. ಒಂದು ಫಕ್ಕನೆ ತೆರೆದು
ರೆಕ್ಕೆಗೆ ರೆಕ್ಕೆ ಉಜ್ಜಿ ಬುಸುಗುಟ್ಟಿತು.
ಅಷ್ಟಿಷ್ಟಲ್ಲದ ಕೋಪ. ಕ್ಷಮಿಸು ಎಂದು ದೀಪ ಆರಿಸಿದೆ.

ಫೆಬ್ರವರಿಯ ಒಂದು ಬೆಳಿಗ್ಗೆ ಬಾಗಿಲು ಬಡಿದವರು
ಪಾನ್ ವಿಂಚೆಂತಿ. ಓವರ್‌ಕೋಟು, ಮನೆಯ ಚಪ್ಪಲಿ,
ಕೈಯಲ್ಲಿ ಗಾಜಿನ ಲೋಟ, ಬಾಯಿಗೆ ಗ್ಯಾಸಿನ ಬಿಲ್ಲು ಮುಚ್ಚಿ.
"ನೆಲಮಾಳಿಗೆಯ ಬಿಸಿ ಕೊಳವೆಗೆ ಎಚ್ಚರವಾಗಿದೆ.
ಹೊರಗೆ ಹಿಮ. ಎಲ್ಲಿಗೆ ಹೋಗಬೇಕು ಇದು?"
ಲೋಟವನ್ನು ಮಾಡಿಗೆ ಒತ್ತಿ, ಬಿಲ್ಲು ಎಳೆದೆ.
ತಣ್ಣನೆಯ ಹಲಗೆಗೆ ಕಾಲು ಕಚ್ಚಿ, ಸ್ವಲ್ಪ ನಡೆದು, ಮಡಿಚಿಕೊಂಡಿತು.
ಅವರು ಕತ್ತೆತ್ತಿ ತುಟಿ ಅಲುಗಿಸಿದರು.
"ಏಳು," ಅಂದರು.
ಲೋಟ ಅಲ್ಲೇ ಮರೆತು ಹೋದರು.

ಜೂನಿನಲ್ಲಿ ದೂರು ಮತ್ತೆ ಬಂತು,
ಅದೇ ನೇರ ಅಕ್ಷರ, ಅದೇ ನೀಲಿ ಶಾಯಿ:
ಕಳೆ. ಎತ್ತರ ಮೂವತ್ತು ಸೆಂಟಿಮೀಟರು.
ಅಷ್ಟಕ್ಕೆ ಕಚೇರಿಯ ನಿಯಮ ಏನೂ ಅನ್ನದು.
ನನ್ನ ಸೊಂಟ ದಾಟಿತ್ತು ತುರಚೆ.
ಲೆಕ್ಕದ ಮನುಷ್ಯ, ಹಾಗೆಲ್ಲ ತಪ್ಪುವವರಲ್ಲ.